ಹಗ್ಗದ ರೈಲಿನಲ್ಲಿ ಅವ್ವ



"ಹಗ್ಗ ಕಿತ್ಕಂಡ್ರೆ ಏನ್ ಗತಿ ಮಗ?" ಎಂದು ಅವ್ವ ಕೇಳಿದಾಗ ನಮ್ಮ ಗಾಡಿ ಪಳನಿ ಬೆಟ್ಟದ ಅರ್ಧಭಾಗ ಏರಿತ್ತು. ಕೆಳಗೆ ನೋಡಿದರೆ ಊರು, ಕೆರೆ, ತೆಂಗಿನ ತೋಟ ಎಲ್ಲ ಓರೆಯಾಗಿ ಕಾಣುತ್ತಿದ್ದವು. ಕೇಳಬಾರದ ಜಾಗದಲ್ಲಿ ಕೇಳಬಾರದ ಪ್ರಶ್ನೆ. ಪಕ್ಕದಲ್ಲಿ ಕೂತಿದ್ದ ತಮಿಳು ಅಜ್ಜಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅವ್ವನ ಮುಖ ನೋಡಿಯೇ ಅವರಿಗೆ ಅರ್ಥವಾಯಿತು. "ಮುರುಗಾ ಇರುಕ್ಕಾನ್" ಎಂದು ಬೆಟ್ಟದ ತುದಿಗೆ ಕೈ ತೋರಿಸಿದರು. ಅವ್ವನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿದ್ದರ ಫಲವೇ ಇವತ್ತಿನ ಈ ಮಾತು.

ನಮ್ಮ ನಂಜನಗೂಡಿನ ಕಡೆಯವರಿಗೆ ಪಳನಿ ದೂರದ ಊರಲ್ಲ. ನಂಜುಂಡೇಶ್ವರನ ದೊಡ್ಡ ಜಾತ್ರೆಯಲ್ಲಿ ಎಳೆಯುವ ಐದು ತೇರುಗಳಲ್ಲಿ ಒಂದು ಸುಬ್ರಹ್ಮಣ್ಯನದು, ಪಳನಿಯ ಮುರುಗನೂ ಅವನೇ. ಅಪ್ಪನ ಊರಲ್ಲಿ ತೇರು ಎಳೆದವರು ಮಗನ ಊರಿಗೆ ಹರಕೆ ತೀರಿಸಲು ಹೋಗುತ್ತಾರೆ, ಅಷ್ಟೆ. ಚಾಮರಾಜನಗರ ದಾಟಿ, ಪುಣಜನೂರಿನ ಕಾಡು ಹೊಕ್ಕು, ಹಾಸನೂರಿನಲ್ಲಿ ಕಾಫಿ ಕುಡಿದು, ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದರೆ ಬಣ್ಣಾರಿ ಅಮ್ಮನ ಗುಡಿ, ಸತ್ಯಮಂಗಲ, ಅಲ್ಲಿಂದಾಚೆಗೆ ಬಯಲು. ತಿರುವುಗಳಲ್ಲಿ ಅವ್ವ ನಿಂಬೆಹಣ್ಣು ಮೂಸುತ್ತಾ ಕಣ್ಣು ಮುಚ್ಚಿ ಕೂತಿದ್ದಳು. "ಇಳಿಯಾದೇ ಇಷ್ಟು ಕಷ್ಟ ಆದ್ರೆ ಹತ್ತಾದು ಇನ್ನೆಷ್ಟು" ಎಂದಳು. ಅವಳಿಗಾಗಲೇ ಎರಡೂ ಮೊಣಕಾಲು ಸವೆದಿದ್ದವು. ಪಳನಿಗೆ ಸುಮಾರು ಏಳುನೂರು ಮೆಟ್ಟಿಲು. ಪಕ್ಕದಲ್ಲಿ ಆನೆ ಹತ್ತಬಲ್ಲಷ್ಟು ಹದವಾದ ಏರಿನ ಇನ್ನೊಂದು ದಾರಿಯಿದೆ, ಅದರ ಹೆಸರೇ ಆನೆಹಾದಿ. ಎರಡೂ ಅವ್ವನಿಗೆ ಆಗದ ಮಾತು.

ಅದಕ್ಕಿರುವುದೇ ವಿಂಚು. ಪಳನಿಯಲ್ಲಿ ಇದನ್ನು ರೈಲು ಎಂದು ಯಾರೂ ಕರೆಯುವುದಿಲ್ಲ. ಆಟೋದವರು, ಹೂವಿನವರು, ತಲೆ ಬೋಳಿಸುವವರು, ಎಲ್ಲರ ಬಾಯಲ್ಲೂ ವಿಂಚೇ. ಮೊದಲ ವಿಂಚು ಓಡಿದ್ದು 1966ರಲ್ಲಿ. ಜನ ಹೆಚ್ಚಾದಂತೆ ಎಂಬತ್ತರ ದಶಕದಲ್ಲಿ ಇನ್ನೆರಡು ಸೇರಿದವು. 2004ರಲ್ಲಿ ಗಾಳಿಯಲ್ಲಿ ತೂಗಿಕೊಂಡು ಹೋಗುವ ರೋಪ್ ಕಾರ್ ಕೂಡ ಬಂತು. ರೋಪ್ ಕಾರ್ ಮೂರು ನಿಮಿಷದ ಆಸುಪಾಸಿನಲ್ಲಿ ಮುಟ್ಟಿಸುತ್ತದೆ, ವಿಂಚಿಗೆ ಎಂಟು ನಿಮಿಷ ಬೇಕು. ಅವಸರವಿದ್ದವರು ರೋಪ್ ಕಾರಿನ ಸಾಲಿಗೆ ಹೋಗಲಿ. ನನ್ನ ಮಟ್ಟಿಗೆ ನೆಲಕ್ಕೆ ಅಂಟಿಕೊಂಡು ಏರುವ ವಿಂಚೇ ಸೈ. ಅದಕ್ಕೆ ಹಳಿಯಿದೆ, ಚಕ್ರವಿದೆ, ಗಾಳಿ ಜೋರಾದರೆ ನಿಲ್ಲಬೇಕೆಂಬ ಕಾಟವಿಲ್ಲ.

ಗಾಡಿ ನೋಡಲು ವಿಚಿತ್ರ. ನಮ್ಮ ರೈಲುಡಬ್ಬಿಯ ಹಾಗೆ ಉದ್ದಕ್ಕೆ ಮಟ್ಟವಾಗಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಕೂರುವ ಜಾಗ. ಇಳಿಜಾರಿನ ಮೇಲೆ ನಿಂತಾಗ ಮಾತ್ರ ಅದರ ಸೀಟುಗಳು ನೆಟ್ಟಗಾಗುತ್ತವೆ. ಹಳಿಗಳ ನಡುವೆ ಚಿಕ್ಕ ಚಿಕ್ಕ ರಾಟೆಗಳು, ಅವುಗಳ ಮೇಲೆ ಎಣ್ಣೆ ಹೀರಿ ಕಪ್ಪಾದ ಉಕ್ಕಿನ ಹಗ್ಗ. ಗಂಟೆ ಬಾರಿಸುತ್ತದೆ, ಹಗ್ಗ ಒಮ್ಮೆ ಬಿಗಿಯುತ್ತದೆ, ಗಾಡಿ ಹೊರಡುತ್ತದೆ. ಎಂಜಿನ್ನಿನ ಸದ್ದಿಲ್ಲ, ಹೊಗೆಯಿಲ್ಲ. ರಾಟೆಗಳ ಕಟಕಟ ಒಂದೇ. ಯಾರೋ "ವೇಲ್ ವೇಲ್" ಎಂದು ಕೂಗಿದರೆ ಡಬ್ಬಿಯೆಲ್ಲ ದನಿಗೂಡಿಸುತ್ತದೆ. ಮಕ್ಕಳು ಕೆಳಗಿನ ಮೆಟ್ಟಿಲುಗಳಲ್ಲಿ ಕಾವಡಿ ಹೊತ್ತು ಏರುವವರಿಗೆ ಕೈ ಬೀಸುತ್ತಾರೆ.

ಈಗ ಈ ಯಂತ್ರದ ಗುಟ್ಟು. ಫ್ಯೂನಿಕ್ಯುಲರ್ ಎಂದು ಇದನ್ನು ಜಗತ್ತು ಕರೆಯುತ್ತದೆ. ಲ್ಯಾಟಿನ್ನಿನಲ್ಲಿ ಆ ಪದದ ಬೇರಿಗೆ ಅರ್ಥ ಚಿಕ್ಕ ಹಗ್ಗ. ಊಟಿಯ ರೈಲಿಗೂ ಇದಕ್ಕೂ ನಮ್ಮವರು ಗೊಂದಲ ಮಾಡಿಕೊಳ್ಳುತ್ತಾರೆ. ಗುಂಡ್ಲುಪೇಟೆ, ಬಂಡೀಪುರದ ಮೇಲೆ ಊಟಿಗೆ ಹೋಗಿ ಆ ರೈಲು ಹತ್ತಿ ಬಂದವರು "ಅದೂ ಇದೇ ತಾನೆ?" ಎನ್ನುತ್ತಾರೆ. ಅಲ್ಲ. 1899ರಲ್ಲಿ ಮೆಟ್ಟುಪಾಳ್ಯದಿಂದ ಕೂನೂರಿಗೆ ಓಡಲಾರಂಭಿಸಿದ ಆ ಗಾಡಿಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿಯಿದೆ. ಎಂಜಿನ್ನಿನ ಹಲ್ಲುಗಾಲಿ ಆ ಹಲ್ಲನ್ನು ಕಚ್ಚಿಕೊಂಡು ತನ್ನ ಶಕ್ತಿಯಿಂದಲೇ ಏರುತ್ತದೆ. ಹಗ್ಗದ ರೈಲಿನ ಗಾಡಿಗೆ ಸ್ವಂತ ಶಕ್ತಿಯೇ ಇಲ್ಲ. ಅದನ್ನು ಇನ್ನೊಂದು ಎಳೆಯಬೇಕು.

ಯಾವುದು ಎಳೆಯುತ್ತದೆ? ಜಾಣತನವಿರುವುದು ಇಲ್ಲೇ. ಹಳೆಯ ಪದ್ಧತಿಯಲ್ಲಿ ಒಂದೇ ಹಗ್ಗದ ಎರಡು ತುದಿಗೆ ಎರಡು ಗಾಡಿ. ಹಗ್ಗ ಬೆಟ್ಟದ ಮೇಲಿನ ದೊಡ್ಡ ಗಾಲಿಯ ಮೇಲಿಂದ ಹಾದಿರುತ್ತದೆ. ಒಂದು ಗಾಡಿ ಕೆಳಗಿಳಿಯುವಾಗ ಅದರ ಭಾರವೇ ಇನ್ನೊಂದನ್ನು ಮೇಲಕ್ಕೆಳೆಯುತ್ತದೆ. ಯಂತ್ರಕ್ಕೆ ಉಳಿಯುವ ಕೆಲಸ ಎರಡರ ಭಾರದ ವ್ಯತ್ಯಾಸವನ್ನು, ತಿಕ್ಕಾಟವನ್ನು ನೀಗುವುದಷ್ಟೆ. ಯೂರೋಪಿನ ಕೆಲವು ಕಡೆ ಯಂತ್ರವನ್ನೂ ಬಿಟ್ಟಿದ್ದರು. ಮೇಲೆ ನಿಂತ ಗಾಡಿಯ ತೊಟ್ಟಿಗೆ ತೊರೆಯ ನೀರು ತುಂಬುವುದು, ಭಾರವಾದ ಗಾಡಿ ಇಳಿಯುವುದು, ಕೆಳಗಿನದು ಏರುವುದು, ಕೆಳಗೆ ಮುಟ್ಟಿದ ಮೇಲೆ ನೀರು ಚೆಲ್ಲುವುದು. ಇಂಗ್ಲೆಂಡಿನ ಲಿಂಟನ್ ಮತ್ತು ಲಿನ್‌ಮತ್ ಊರುಗಳ ನಡುವೆ 1890ರಿಂದ ಇಂದಿನವರೆಗೂ ಹೀಗೇ ನಡೆಯುತ್ತಿದೆ.

ಇದನ್ನು ಓದುವಾಗ ನನಗೆ ಸ್ವಿಟ್ಜರ್ಲೆಂಡ್ ನೆನಪಾಗಲಿಲ್ಲ. ನೆನಪಾದದ್ದು ತಾತನ ಹೊಲದ ಕಪಿಲೆ ಬಾವಿ.

ಈಗಿನ ಮಕ್ಕಳಿಗೆ ಕಪಿಲೆ ಎಂದರೆ ಸ್ನಾನಘಟ್ಟದ ಮುಂದೆ ಹರಿಯುವ ಹೊಳೆ ಮಾತ್ರ. ಪಂಪ್‌ಸೆಟ್ ಬರುವುದಕ್ಕೆ ಮುಂಚೆ ಕಪಿಲೆ ಎಂದರೆ ನೀರೆತ್ತುವ ಸಾಧನವೂ ಹೌದು. ಬಾವಿಯ ದಡದಿಂದ ಇಳಿಜಾರಾಗಿ ಒಂದು ದಾರಿ ಅಗೆದಿರುತ್ತಿದ್ದರು. ಎತ್ತಿನ ನೊಗಕ್ಕೆ ಹಗ್ಗ, ಹಗ್ಗ ಬಾವಿಯ ಮೇಲಿನ ರಾಟೆಯನ್ನು ಹಾದು ಒಳಗೆ, ಅದರ ತುದಿಗೆ ಚರ್ಮದ ದೊಡ್ಡ ಚೀಲ. ಎತ್ತು ಇಳಿಜಾರಿನಲ್ಲಿ ಇಳಿದರೆ ನೀರು ಮೇಲೆ ಬರುತ್ತದೆ. ಕಪಿಲೆ ಹೊಡೆಯುವವನು ಆ ಹಗ್ಗದ ಮೇಲೆಯೇ ಕೂತುಬಿಡುತ್ತಿದ್ದ. ಅದು ಕೂರುವ ಸುಖಕ್ಕಲ್ಲ, ತನ್ನ ಭಾರವನ್ನೂ ಎತ್ತಿನ ಭಾರಕ್ಕೆ ಸೇರಿಸಲು. ನೀರು ಸುರಿದ ಮೇಲೆ ಎದ್ದು, ಎತ್ತನ್ನು ಹಿಂದಕ್ಕೆ ನಡೆಸುತ್ತಾ ಹಾಡು ಹೇಳಿಕೊಂಡು ಮೇಲೇರುತ್ತಿದ್ದ. ಎತ್ತಿಗೆ ಏರುವಾಗ ಎಳೆಯುವ ಹೊರೆಯಿಲ್ಲ, ಎಳೆಯುವಾಗ ಏರುವ ಶ್ರಮವಿಲ್ಲ. ಹೆಸರು ಕೇಳಿದರೆ ವಿದೇಶದ್ದೆನಿಸುವ ಯಂತ್ರದ ತರ್ಕ ನಮ್ಮ ಹೊಲದಲ್ಲೇ ಇತ್ತು.

ಇಷ್ಟೆಲ್ಲ ಆದರೂ ಹಗ್ಗದ ರೈಲು ನಾನು ಮೊದಲು ಕಂಡದ್ದು ಪಳನಿಯಲ್ಲಲ್ಲ. ಅದನ್ನು ಹೇಳಬೇಕೆಂದರೆ ಹೊಳೆಯ ಜೊತೆ ಕೆಳಕ್ಕೆ ಹೋಗಬೇಕು. ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡಿಕೊಳ್ಳುತ್ತದೆ. ಕೂಡಿದ ನೀರು ಮುಡುಕುತೊರೆಯ ಮಲ್ಲಿಕಾರ್ಜುನನ ಗುಡ್ಡವನ್ನು ಬಳಸಿ, ತಲಕಾಡಿನ ಮರಳನ್ನು ಸುತ್ತಿ, ಶಿವನಸಮುದ್ರದಲ್ಲಿ ಗಗನಚುಕ್ಕಿ, ಭರಚುಕ್ಕಿಯಾಗಿ ಧುಮುಕುತ್ತದೆ. ಮುಡುಕುತೊರೆಯ ಗುಡ್ಡ ಹತ್ತಲು ಯಾರೂ ಯಂತ್ರ ಕೇಳಿಲ್ಲ. ಜಾತ್ರೆಗೆ ಬಂದವರು ಕಡಲೆಪುರಿ ತಿಂದುಕೊಂಡೇ ಹತ್ತಿ ಇಳಿಯುತ್ತಾರೆ. ಶಿವನಸಮುದ್ರದಲ್ಲಿ ಮಾತ್ರ ಮನುಷ್ಯ ಕೆಳಗೆ ಇಳಿಯಬೇಕಾಗಿತ್ತು. ನೀರು ನಾನೂರು ಅಡಿಗಳಷ್ಟು ಬೀಳುವ ಕಡೆ ವಿದ್ಯುತ್ ತೆಗೆಯುವುದಾದರೆ ಯಂತ್ರಗಳನ್ನು ಆ ಕಣಿವೆಯ ತಳದಲ್ಲಿಯೇ ಇಡಬೇಕು.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, ಕ್ಯಾಪ್ಟನ್ ಜೋಲಿ ಡಿ ಲಾಟ್ಬಿನಿಯೇರ್ ಎಂಬ ಎಂಜಿನಿಯರ್ ರೂಪಿಸಿದ ಯೋಜನೆ ಅದು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ವಿದ್ಯುತ್ ಯಂತ್ರಗಳು ಬಂದವು, ಸ್ವಿಟ್ಜರ್ಲೆಂಡಿನಿಂದ ಟರ್ಬೈನುಗಳು. ರೈಲು ಮುಟ್ಟದ ಜಾಗಕ್ಕೆ ಅವನ್ನು ಸಾಗಿಸಲು ಆನೆಗಳೂ ಬೇಕಾದವು. 1902ರ ಜೂನ್‌ನಲ್ಲಿ ಅಲ್ಲಿಂದ ಹೊರಟ ವಿದ್ಯುತ್ತು 92 ಮೈಲಿ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿಗೆ ಮುಟ್ಟಿತು. ಶೇಷಾದ್ರಿ ಅಯ್ಯರ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಬೆಂಗಳೂರಿಗೆ ಬೆಳಕು ಬಂದದ್ದು 1905ರಲ್ಲಿ, ಮೈಸೂರಿಗೆ 1908ರಲ್ಲಿ. ನೀವೀಗ ಕೇಳುತ್ತಿರುವ ಮೈಸೂರಿನ ಆಕಾಶವಾಣಿ ಡಾ. ಎಂ.ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ 1935ರಲ್ಲಿ ಹುಟ್ಟಿದಾಗಲೂ ಅದಕ್ಕೆ ಉಸಿರಾದದ್ದು ಈ ನೀರೇ ಇರಬೇಕು ಎಂದು ನನಗೆ ಒಂದು ಹೆಮ್ಮೆ.

ಆ ಜಾಗವನ್ನು ಸುತ್ತಲಿನ ಜನ ಬ್ಲಫ್ ಎನ್ನುತ್ತಾರೆ. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಕರೆದುಕೊಂಡು ಹೋಗಿದ್ದರು. ನರಸೀಪುರಕ್ಕೆ ಒಂದು ಬಸ್ಸು, ಕೊಳ್ಳೇಗಾಲಕ್ಕೆ ಇನ್ನೊಂದು, ಆಮೇಲೆ ಮಳವಳ್ಳಿ ಕಡೆಯ ಬಸ್ಸು. ಅಪ್ಪನಿಗೆ ಅಲ್ಲಿ ಕೆಲಸಕ್ಕಿದ್ದವರ ಪರಿಚಯವಿತ್ತು, ಅಪ್ಪಣೆ ಸಿಕ್ಕಿತು. ಬೆಟ್ಟದಂಚಿನಲ್ಲಿ ನಿಂತು ನೋಡಿದರೆ ಆನೆಯ ಮೈಯಷ್ಟು ದಪ್ಪದ ನೀರಿನ ಕೊಳವೆಗಳು ಕಣಿವೆಗೆ ಇಳಿದಿದ್ದವು, ಪಕ್ಕದಲ್ಲೇ ಹಳಿ. ಹಳಿಯ ಮೇಲೆ ಟ್ರಾಲಿ. ಕಟಕಟೆ ಇದ್ದ, ಹಲಗೆ ಹಾಸಿದ ಒಂದು ತೊಟ್ಟಿಲು ಎನ್ನಿ. ಹಿಂದೆ ಹಗ್ಗ. "ಕೈ ಹೊರಗ್ ಹಾಕ್ಬ್ಯಾಡ ಕಣಪ್ಪ" ಎಂದ ಟ್ರಾಲಿಯವನು ಮೇಲೆ ಗಂಟೆ ಹೊಡೆದ. ನೆಲ ಕಾಲಡಿಯಿಂದ ಜಾರಿತು.

ಬೆಟ್ಟದ ರೈಲು ಎಂದರೆ ಎಲ್ಲರೂ ಏರುವುದನ್ನೇ ಹೇಳುತ್ತಾರೆ. ಇಳಿಯುವ ಹಗ್ಗದ ರೈಲಿನ ಸುಖವೇ ಬೇರೆ. ಏರುವಾಗ ಆಕಾಶ ಹತ್ತಿರ ಬರುತ್ತದೆ. ಇಲ್ಲಿ ಶಬ್ದ ಹತ್ತಿರ ಬರುತ್ತದೆ. ಮೇಲೆ ದುಂಬಿಯ ಗುಂಯ್‌ಗುಟ್ಟುವಿಕೆಯಂತಿದ್ದದ್ದು ಕೆಳಗೆ ಹೋದಂತೆ ಎದೆಯೊಳಗೆ ನಡುಗತೊಡಗಿತು. ಬಾಗಿಲು ದಾಟಿದರೆ ಸಾಲಾಗಿ ಯಂತ್ರಗಳು, ಹಿತ್ತಾಳೆಯ ಭಾಗಗಳನ್ನು ಮುಖ ಕಾಣುವಂತೆ ಉಜ್ಜಿಟ್ಟಿದ್ದರು. ಅಪ್ಪ ನನ್ನ ಕಿವಿಯ ಹತ್ತಿರ ಬಾಗಿ, "ಬೆಳಿಗ್ಗೆ ನಾವು ಮುಳುಗಿದ ನೀರೇ ಕಣೋ ಇದು, ನಮಗಿಂತ ನಿಧಾನವಾಗಿ ಬಂದದೆ ಅಷ್ಟೆ" ಎಂದರು. ಲೆಕ್ಕ ತಪ್ಪಿರಬಹುದು. ಆದರೆ ಹೊಳೆಗೂ ಬೆಳಕಿಗೂ ಇರುವ ನಂಟು ನನಗೆ ತಿಳಿದದ್ದು ಯಾವ ಪಾಠದಿಂದಲೂ ಅಲ್ಲ, ಆ ಮಾತಿನಿಂದ.

ಜೋಗದಲ್ಲೂ ಮಹಾತ್ಮ ಗಾಂಧಿ ವಿದ್ಯುದಾಗಾರಕ್ಕೆ ಇಳಿಯಲು ಇಂಥದೇ ಟ್ರಾಲಿಯಿದೆ. ಹಿಮಾಚಲದ ಜೋಗಿಂದರ್ ನಗರದಲ್ಲಿ ಶಾನನ್ ವಿದ್ಯುದಾಗಾರ ಕಟ್ಟುವಾಗ ಹಾಕಿದ ಹಳಿ ಇನ್ನೂ ಉದ್ದದ್ದು. ಹಾಗೆ ನೋಡಿದರೆ ನಮ್ಮ ದೇಶದಲ್ಲಿ ಹಗ್ಗದ ರೈಲು ಹಾಕಿಸಿದವರು ಇಬ್ಬರು: ವಿದ್ಯುತ್ತಿನವರು ಮತ್ತು ದೇವರು. ಮಹಾರಾಷ್ಟ್ರದ ಸಪ್ತಶೃಂಗಿ ದೇವಿಯ ಬೆಟ್ಟಕ್ಕೂ 2018ರಲ್ಲಿ ಬಂತು.

ಹೊರದೇಶಗಳಲ್ಲಿ ಕತೆ ಬೇರೆ. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಕೋಟೆಗೆ ಸಾಮಾನು ಎಳೆಯುವ ಇಂಥ ದಾರಿಯ ವಿವರ 1515ರಷ್ಟು ಹಿಂದೆಯೇ ಸಿಗುತ್ತದೆ. ಆಗ ಮರದ ಹಳಿ, ನಾರಿನ ಹಗ್ಗ. ಫ್ರಾನ್ಸಿನ ಲಿಯಾನ್ ಊರಿನಲ್ಲಿ 1862ರಲ್ಲಿ ಜನರನ್ನು ಹೊತ್ತು ಏರಿತು. ಇಟಲಿಯವರು 1880ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಮೇಲೆಯೇ ಹಾಕಿದರು, ಅದರ ಮೇಲೊಂದು ಹಾಡನ್ನೂ ಕಟ್ಟಿದರು. 1944ರಲ್ಲಿ ಬೆಟ್ಟ ಉಗುಳಿದ್ದೇ ಆ ರೈಲು ಮುಗಿಯಿತು. ಹಾಡು ಇನ್ನೂ ಉಳಿದಿದೆ. ಇವುಗಳಲ್ಲೆಲ್ಲ ನನಗೆ ಹಿಡಿಸುವ ಸಂಗತಿ ಒಂದು ಚಿಕ್ಕ ಉಪಾಯ. ಎರಡು ಗಾಡಿಗೆ ಎರಡು ಹಳಿದಾರಿ ಹಾಕುವಷ್ಟು ಜಾಗ ಬೆಟ್ಟದಲ್ಲಿ ಎಲ್ಲಿರುತ್ತದೆ? ಒಂದೇ ದಾರಿ ಹಾಕಿ, ನಡುಮಧ್ಯದಲ್ಲಿ ಮಾತ್ರ ಕವಲೊಡೆಸಿದರು. ಒಂದು ಗಾಡಿಯ ಎಡಗಾಲಿಗಳಿಗೆ ಎರಡೂ ಕಡೆ ಅಂಚು, ಇನ್ನೊಂದರ ಬಲಗಾಲಿಗಳಿಗೆ ಎರಡೂ ಕಡೆ ಅಂಚು. ಉಳಿದ ಗಾಲಿಗಳು ಅಂಚಿಲ್ಲದೆ ಅಗಲ. ಹೀಗಾಗಿ ಒಂದು ಗಾಡಿ ಯಾವಾಗಲೂ ಎಡಕ್ಕೇ, ಇನ್ನೊಂದು ಯಾವಾಗಲೂ ಬಲಕ್ಕೇ ಸರಿಯುತ್ತದೆ. ಹಳಿ ಬದಲಿಸಲು ಆಳೂ ಬೇಡ, ಕೀಲೂ ಬೇಡ. ಸ್ವಿಟ್ಜರ್ಲೆಂಡಿನ ಗೀಸ್‌ಬಾಖ್ ಜಲಪಾತದ ಬಳಿ 1879ರಲ್ಲಿ ಮೊದಲ ರೂಪದಲ್ಲಿ ಬಳಕೆಗೆ ಬಂದ ಈ ಉಪಾಯದ ಹಿಂದೆ ಇದ್ದವನು ಕಾರ್ಲ್ ರೋಮನ್ ಆಬ್ಟ್. ಊಟಿಯ ರೈಲು ಕಚ್ಚಿಕೊಂಡು ಏರುವ ಹಲ್ಲುಪಟ್ಟಿಯೂ ಅವನದೇ ಹೆಸರಿನದು.

ಅವ್ವನ ಪ್ರಶ್ನೆ ಮರೆತಿಲ್ಲ. ಹಗ್ಗ ಕಿತ್ತುಕೊಂಡರೆ?

ಇದಕ್ಕೂ ಉತ್ತರ ನಮ್ಮ ಊರಿನ ರಥಬೀದಿಯಲ್ಲೇ ಇದೆ. ನಂಜುಂಡೇಶ್ವರನ ಗೌತಮ ರಥವನ್ನು ಎಳೆಯಲು ನೂರಾರು ಕೈಗಳು ಹಗ್ಗಕ್ಕೆ ಬೀಳುತ್ತವೆ. ಎಲ್ಲರ ಕಣ್ಣೂ ಹಗ್ಗದ ಮೇಲೆಯೇ. ಆದರೆ ತೇರಿನ ನಿಜವಾದ ಯಜಮಾನರು ಗಾಲಿಯ ಪಕ್ಕ ಮರದ ತುಂಡು ಹಿಡಿದು ಬಗ್ಗಿ ನಡೆಯುವವರು. ತೇರು ಓಲಿದರೆ, ಓಡಿದರೆ, ಗಾಲಿಯಡಿಗೆ ಆ ತುಂಡು ಬೀಳಬೇಕು, ಆ ಕ್ಷಣದಲ್ಲೇ ಬೀಳಬೇಕು. ಒಳ್ಳೆಯ ಹಗ್ಗದ ರೈಲೂ ಹೀಗೆಯೇ. ಹಗ್ಗ ಸಡಿಲವಾದದ್ದು ತಿಳಿದೊಡನೆ ಗಾಡಿಯಡಿಯ ಹಿಡಿಕೆಗಳು ತಾವಾಗಿಯೇ ಹಳಿಯನ್ನು ಕಚ್ಚಬೇಕು. ಹಗ್ಗವಿಲ್ಲದೆಯೂ ಗಾಡಿ ನಿಲ್ಲುವಂತಿದ್ದರೆ ಮಾತ್ರ ಹಗ್ಗವನ್ನು ನಂಬಬಹುದು. 2025ರ ಸೆಪ್ಟೆಂಬರ್ 3ರಂದು ಪೋರ್ಚುಗಲ್ಲಿನ ಲಿಸ್ಬನ್‌ನಲ್ಲಿ ಗ್ಲೋರಿಯಾ ಎಂಬ ಗಾಡಿಯ ಹಗ್ಗ ಕಳಚಿಕೊಂಡಿತು. 1885ರಿಂದ ಓಡುತ್ತಿದ್ದ ದಾರಿ ಅದು. ಇಳಿಜಾರಿನಲ್ಲಿ ಬ್ರೇಕು ಅದನ್ನು ತಡೆಯಲಾರದೆ ಹೋಯಿತು, 16 ಜನ ಸತ್ತರು. ಎರಡು ಗಾಡಿಗಳು ಒಂದನ್ನೊಂದು ತೂಗಿಕೊಂಡು ನಿಂತ ವ್ಯವಸ್ಥೆಯಲ್ಲಿ ಹಗ್ಗ ಕಳಚಿತೆಂದರೆ ಸಮತೂಕವೇ ಹೋಯಿತೆಂದರ್ಥ. ಆದ್ದರಿಂದ ಅವ್ವ ಕೇಳಿದ್ದು ಅಂಜುಬುರುಕರ ಪ್ರಶ್ನೆಯಲ್ಲ, ಎಂಜಿನಿಯರು ಮೊದಲು ಕೇಳಬೇಕಾದ ಪ್ರಶ್ನೆ. ವಿಂಚು ದುರಸ್ತಿಗೆ ನಿಂತಿದೆ ಎಂಬ ಬೋರ್ಡು ಕಂಡು ಗೊಣಗುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ನಿಲ್ಲಿಸಿ ಹಗ್ಗ ನೋಡುತ್ತಾರಲ್ಲ, ಅದಕ್ಕೆ ಕೈ ಮುಗಿಯಬೇಕು.

ಪಳನಿ ಬೆಟ್ಟದ ತುದಿ ಮುಟ್ಟಿದ ಮೇಲಿನ ಕತೆ ಚಿಕ್ಕದು. ಅವ್ವ ದಂಡಪಾಣಿಯನ್ನು ಕಣ್ತುಂಬ ನೋಡಿದಳು, ವಿಭೂತಿ ಕಟ್ಟಿಸಿಕೊಂಡಳು. ಪಂಚಾಮೃತವನ್ನು ಬೆರಳಲ್ಲಿ ನೆಕ್ಕಿ, "ನಮ್ಮ ರಸಬಾಳೆ ಹಾಕಿದ್ರೆ ಇನ್ನೂ ಚೆನ್ನಾಗಿರ್ತಿತ್ತು" ಎಂದು ತೀರ್ಪು ಕೊಟ್ಟಳು. ಪಳನಿಯವರು ತಮ್ಮ ಸೀಮೆಯ ವಿರೂಪಾಕ್ಷಿ ಬಾಳೆಯಿಂದಲೇ ಅದನ್ನು ಮಾಡುವುದು, ಆ ಪಂಚಾಮೃತಕ್ಕೆ 2019ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ನಂಜನಗೂಡಿನ ರಸಬಾಳೆಗೂ ಆ ಗುರುತಿದೆ. ಗುರುತು ಉಳಿದು ಬಾಳೆಯೇ ಅಪರೂಪವಾಗುತ್ತಿರುವುದು ಬೇರೆ ಸಂಕಟ, ಅದನ್ನು ಇನ್ನೊಂದು ದಿನ ಹೇಳುತ್ತೇನೆ.

ಊರಿಗೆ ಬಂದ ಮೇಲೆ ಎಲ್ಲರೂ ಕೇಳಿದ್ದು ಒಂದೇ: ಚಾಮುಂಡಿ ಬೆಟ್ಟಕ್ಕೂ ಇಂಥದೊಂದು ಆಗಬೇಕಲ್ಲವೆ? ರೋಪ್‌ವೇ ಮಾತು ಮೈಸೂರಿನಲ್ಲಿ ಹಲವು ಸಲ ಎದ್ದಿದೆ. ಜನರ ವಿರೋಧ ಬಂದು 2022ರಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಕೈಬಿಟ್ಟದ್ದೇ ಸರಿ ಎಂಬುದು ನನ್ನ ಅಭಿಪ್ರಾಯ. ಚಾಮುಂಡಿಗೆ ಸಾವಿರ ಮೆಟ್ಟಿಲಿವೆ, ದೇವಸ್ಥಾನದ ಹತ್ತಿರದವರೆಗೂ ಬಸ್ಸು ಹೋಗುವ ರಸ್ತೆಯಿದೆ. ಮೊಣಕಾಲು ಸವೆದವರಿಗೆ ದಾರಿ ಆಗಲೇ ಇದೆ. ಪಳನಿಯ ಬೆಟ್ಟದ ಮೇಲಕ್ಕೆ ಬಸ್ಸು ಹೋಗುವುದಿಲ್ಲ, ಅಲ್ಲಿ ವಿಂಚು ಬೇಕು. ಹತ್ತಲಾಗದವರಿಗಾಗಿ ಹಾಕಿದ ಹಗ್ಗ ಬೇರೆ, ನೋಡಲು ಬರುವವರ ಟಿಕೆಟ್ಟಿಗಾಗಿ ಹಾಕುವ ಹಗ್ಗ ಬೇರೆ.

ಪಳನಿಗೆ ಹೊರಡುವ ನಮ್ಮ ಕಡೆಯವರಿಗೆ ಒಂದೆರಡು ಮಾತು ಹೇಳಿ ಮುಗಿಸುತ್ತೇನೆ. ರೋಪ್ ಕಾರನ್ನು ತಿಂಗಳಿಗೊಂದು ದಿನ, ವರ್ಷಕ್ಕೊಮ್ಮೆ ಹಲವು ದಿನ ದುರಸ್ತಿಗೆ ನಿಲ್ಲಿಸುತ್ತಾರೆ. ಅದನ್ನೇ ನೆಚ್ಚಿಕೊಂಡು ಹೋಗಬೇಡಿ, ವಿಚಾರಿಸಿಕೊಂಡು ಹೊರಡಿ. ತೈಪೂಸ, ಪಂಗುನಿ ಉತ್ತಿರದ ಜನಜಾತ್ರೆಯಲ್ಲಿ ವಯಸ್ಸಾದವರನ್ನು ಕರೆದೊಯ್ಯಬೇಡಿ. ವಿಂಚಿನ ಸಾಲಿನಲ್ಲಿ ನಿಲ್ಲುವ ಮುಂಚೆ ನಿಮ್ಮ ಮೊಣಕಾಲನ್ನೊಮ್ಮೆ ಕೇಳಿ. ಅದು ಗಟ್ಟಿಯಾಗಿದ್ದರೆ ಮೆಟ್ಟಿಲ ಕಡೆ ನಡೆಯಿರಿ. ನಿಮ್ಮ ಹಿಂದೆ ಯಾರದೋ ಅವ್ವ ಕೋಲೂರಿಕೊಂಡು ನಿಂತಿರುತ್ತಾಳೆ, ಆ ಸೀಟು ಅವಳಿಗೆ ಬೇಕು.